ಹೆಣವಿಲ್ಲದ ಮನೆಗೆ ಬಂದ ಇನ್ಸ್‌ಪೆಕ್ಟರ್

ಎಲ್ಲದಕ್ಕೂ ಕಾರಣ ಬೆಳಗ್ಗೆ ಫೋನಿಗೆ ಬಂದ ಒಂದು ಕಮೆಂಟು.

ಬಿಲ್ಡಿಂಗಿನಲ್ಲಿ ಎಲ್ಲರೂ ಅವನನ್ನು 'ಸಾಹಿತಿ' ಅಂತ ಕರೆಯುತ್ತಿದ್ದರು. ಗೌರವಕ್ಕೇನಲ್ಲ. ಯಾವ ಪ್ರಕಾಶಕರೂ ಮೂಸಿ ನೋಡದ ತನ್ನ ಕೊಲೆ ಕಾದಂಬರಿಯನ್ನು ಅವನೇ ತಿದ್ದಿ, ಮುಖಪುಟಕ್ಕೆ ಅವನೇ ರಕ್ತದ ಬಣ್ಣ ಬಳಿದು, ಒಂದು ಓದುವ ಆ್ಯಪ್‌ಗೆ ಹಾಕಿದ್ದ. ಹಾಕಿ ತಿಂಗಳುಗಳಾದರೂ ಅದು ಕರೆಂಟು ಹೋದ ಲಿಫ್ಟಿನ ಹಾಗೆ ಇದ್ದಲ್ಲೇ ಇತ್ತು. ಕೊನೆಗೆ ಅಮ್ಮನ ಅಣ್ಣ, ಅಂದರೆ ನಲ್ಲಿ-ಪೈಪಿನ ಅಂಗಡಿ ಇಟ್ಟಿದ್ದ ಮಾವ, ಗಡುವು ಕೊಟ್ಟಿದ್ದರು: "ಶನಿವಾರ ಸಾಯಂಕಾಲ ಬರ್ತೀನಿ. ಅಷ್ಟರಲ್ಲಿ ಒಬ್ಬನಾದ್ರೂ ಐದು ಸ್ಟಾರ್ ಕೊಟ್ಟಿದ್ರೆ ನೀನು ಬರ್ಕೊಂಡಿರು, ನಾನು ಸೊಲ್ಲೆತ್ತಲ್ಲ. ಇಲ್ದಿದ್ರೆ ಸೋಮವಾರದಿಂದ ಅಂಗಡಿಗೆ ಬಾ."

ಇವತ್ತೇ ಶನಿವಾರ. ಕಮೆಂಟು ಹಾಕಿದ್ದು 'ಒಂಟಿಚಪ್ಪಲಿ' ಅನ್ನುವ ಹೆಸರಿನ ಯಾರೋ: "ಅರ್ಧ ಆಯ್ತು. ತಿಂಡಿ ಆರಿ ಹೋದ್ರೂ ಬಿಡಕ್ಕಾಗ್ತಿಲ್ಲ. ಕೊಂದಿದ್ದು ಯಾರು ಅಂತ ಸಾಯಂಕಾಲದೊಳಗೆ ಓದಿ ಸ್ಟಾರ್ ಕೊಡ್ತೀನಿ."

ಸಾಹಿತಿ ಮಂಚದ ಮೇಲೆ ನಿಂತು ಕುಣಿದ. ಕುಣಿದು ಸುಮ್ಮನಾಗಬಹುದಿತ್ತು. "ನಂಗೂ ಓದುಗರಿದಾರೆ, ನೋಡ್ರಪ್ಪಾ!" ಅಂತ ಆ ಕಮೆಂಟನ್ನೂ ಕಾದಂಬರಿಯ ಲಿಂಕನ್ನೂ ಬಿಲ್ಡಿಂಗಿನ ಗ್ರೂಪಿಗೆ ಹಾಕಿಬಿಟ್ಟ.

ಮೊದಲು ಬಂದವಳು ಎದುರು ಮನೆಯ ಟೈಲರಕ್ಕ. ಕೊರಳಲ್ಲಿ ಅಳತೆ ಟೇಪು, ಕಣ್ಣಲ್ಲಿ ಕೆಂಡ.

"ಏನೋ ಸಾಹಿತಿ, ಓನರ್ ಕುತ್ತಿಗೆಗೆ ಟೇಪ್ ಬಿಗಿದು ಕೊಲ್ಲೋಳು ಟೈಲರಾ?"

"ಅಕ್ಕಾ, ಅಷ್ಟು ಬೇಗ ಓದಿದ್ರಾ?"

"ನಾನು ಯಾವತ್ತೂ ಕೊನೇ ಪುಟಾನೇ ಮೊದ್ಲು ಓದೋದು."

"ಅದು ಬರೀ ಕಲ್ಪನೆ ಅಕ್ಕಾ."

"ನಿನ್ ಕಲ್ಪನೆಯ ಟೈಲರಿಗೂ ನನ್ ಥರಾನೇ ಎಡಗೈ ಚಾಳಿ ಬೇಕಿತ್ತಾ? ಇದನ್ನ ಓದಿದ ಮೇಲೆ ಯಾರು ನನ್ ಹತ್ರ ಅಳತೆ ಕೊಡಕ್ಕೆ ಕುತ್ತಿಗೆ ಚಾಚ್ತಾರೆ? ಬಟನ್ ಒತ್ತಿದ್ರೆ ಪುಸ್ತಕ ಬದಲಾಗತ್ತೆ ಅಂತ ಜಂಬ ಕೊಚ್ಚಿದ್ಯಲ್ಲ, ಒತ್ತು ಈಗ. ಇಲ್ದಿದ್ರೆ ನಿಮ್ ಮಾವ ಬಂದಾಗ ಬಾಗ್ಲಲ್ಲೇ ನಿಂತು ಕೂಗಾಡ್ತೀನಿ."

ಸ್ವಂತವಾಗಿ ಪುಸ್ತಕ ಹೊರತರುವುದರ ಸುಖವೂ ಅದೇ, ಕರ್ಮವೂ ಅದೇ. ಯಾರನ್ನೂ ಕೇಳಬೇಕಾಗಿಲ್ಲ, ಒಂದು ಬಟನ್ ಒತ್ತಿದರೆ ಓದುತ್ತಾ ಕೂತವರ ಫೋನಿನಲ್ಲೂ ಕತೆ ಬದಲಾಗುತ್ತದೆ. ಸಾಹಿತಿ ಹಲ್ಲು ಕಚ್ಚಿಕೊಂಡು ಟೈಲರನ್ನು ನಿರಪರಾಧಿ ಮಾಡಿದ. ಕೊಲೆಗಾರ ಸಿಗದೆ ಕತೆ ಗಾಲಿ ಕಳಚಿದ ಸೈಕಲ್ಲಿನಂತೆ ವಾಲಿತು.

ಹೊಸ ಕೊಲೆಗಾರನನ್ನು ಹುಡುಕುತ್ತಿದ್ದಾಗ ಕೆಳಗಿನ ಮನೆಯಲ್ಲಿದ್ದ ಬಿಲ್ಡಿಂಗ್ ಓನರ್ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು.

"ಅಲ್ಲಪ್ಪಾ, ಮೊದಲ್ನೇ ಪುಟದಲ್ಲೇ ನನ್ನ ಸಾಯಿಸಿದೀಯಲ್ಲ!"

"ನಿಮ್ಮನ್ನಲ್ಲ ಸಾರ್, ಯಾರೋ ಒಬ್ಬ ಓನರ್..."

"ಬೋಳುತಲೆ ನಂದು, ಹಸಿರು ಸ್ವೆಟರ್ ನಂದು, ನೀರಿನ ಮೋಟರ್ ಆಫ್ ಮಾಡೋ ಚಟ ನಂದು. ಹೆಣ ಮಾತ್ರ ಬೇರೆಯವರದಾ? ಬೆಳಗ್ಗೆಯಿಂದ ಇಬ್ರು ಫೋನ್ ಮಾಡಿ 'ಹುಷಾರಾಗಿದೀರಾ' ಅಂದ್ರು. ಬದುಕಿಸು. ಆಗಲ್ಲ ಅಂದ್ರೆ ಮನೆ ಖಾಲಿ ಮಾಡು."

ಬದುಕಿಸಿದ. ಬದುಕಿದ ಓನರ್ ಮೊದಲನೇ ಪುಟದಲ್ಲಿ ಎದ್ದು ಕೂತು ಹಲ್ಲುಜ್ಜಿದರು.

ಕತೆಯಲ್ಲಿ ಉಳಿದಿದ್ದು ಒಂದೇ: ಕೊಲೆಯ ರಾತ್ರಿಯ ಕಿರುಚಾಟ. ಅದನ್ನಿಟ್ಟುಕೊಂಡು ಏನಾದರೂ ಮಾಡೋಣ ಅಂದುಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಬಂದಳು. ಟೈಲರಕ್ಕ ಆಗಲೇ ಓದಿ ಹೇಳಿಯಾಗಿತ್ತು.

"ಕತೇಲಿರೋ ತಾಯಿ ಗೊರಕೆ ಹೊಡೀತಾಳಂತಲ್ಲೋ."

"ಅಮ್ಮಾ, ಆ ಗೊರಕೆಯಿಂದಾನೇ ಕಿರುಚಿದ್ದು ಯಾರಿಗೂ ಕೇಳಲ್ಲ. ಅದೇ ಕೀಲಿಕೈ!"

"ನಂಗೆ ಗೊರಕೆ ಇದ್ಯೇನೋ?"

ಸಾಹಿತಿಗೆ ಸತ್ಯ ಗೊತ್ತಿತ್ತು. ಇಡೀ ಬಿಲ್ಡಿಂಗಿಗೇ ಗೊತ್ತಿತ್ತು.

"ಇಲ್ಲಮ್ಮ," ಅಂದ.

"ಹಾಗಾದ್ರೆ ತೆಗಿ. ಇಲ್ದಿದ್ರೆ ಅಣ್ಣನ ಮುಂದೆ ನಿನ್ ಪರ ತುಟಿ ಎರಡು ಮಾಡಲ್ಲ."

ಗೊರಕೆ ಹೋಯಿತು. ಗೊರಕೆಯಿಲ್ಲದಿದ್ದರೆ ಎಲ್ಲರಿಗೂ ಕೇಳಿಬಿಡುತ್ತದೆ ಅಂತ ಅದರ ಹಿಂದೆಯೇ ಕಿರುಚಾಟವೂ ಹೋಯಿತು. ಈಗ ಕಾದಂಬರಿಯಲ್ಲಿ ಯಾರೂ ಸಾಯುತ್ತಿರಲಿಲ್ಲ, ಯಾರೂ ಕೊಲ್ಲುತ್ತಿರಲಿಲ್ಲ, ಎಲ್ಲರೂ ಸದ್ದಿಲ್ಲದೆ ನಿದ್ದೆ ಮಾಡುತ್ತಿದ್ದರು. ಮೂರು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಬರೆದದ್ದು ಒಂದೇ ಹಗಲಿನಲ್ಲಿ ತೊಳೆದಿಟ್ಟ ತಟ್ಟೆಯಂತಾಗಿತ್ತು. ಸಾಹಿತಿ ಗೋಡೆಗೆ ತಲೆ ಆನಿಸಿ ಕೂತ. ಅಳು ಕೂಡ ಸರಿಯಾಗಿ ಬರಲಿಲ್ಲ.

ಆಗ ಫೋನು ಟಿಂಗ್ ಅಂದಿತು. ಒಂಟಿಚಪ್ಪಲಿ. ಒಂದು ಸ್ಟಾರ್.

"ಅಲ್ಲಯ್ಯಾ, ಹೆಣಾನೇ ಇಲ್ದಿರೋ ಮನೆಗೆ ಇನ್ಸ್‌ಪೆಕ್ಟರ್ ಯಾಕೆ ಬಂದ?"

ಸಾಹಿತಿ ಹಣೆ ಚಚ್ಚಿಕೊಂಡ. ಇನ್ಸ್‌ಪೆಕ್ಟರನ್ನು ತೆಗೆಯಲು ಮರೆತಿದ್ದ. ಪಾಪ, ಆ ಮನುಷ್ಯ ಜೀಪಿನಲ್ಲಿ ಬಂದು, ಎಲ್ಲರ ಮುಖ ನೋಡಿ, ನೀರು ಕುಡಿದು ವಾಪಸು ಹೋಗಿದ್ದ.

ಯಾರೋ ಬಾಗಿಲು ಬಡಿದರು. ಮಾವ ಒಳಗೆ ಬಂದರು. ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಅವನನ್ನೇ ದಿಟ್ಟಿಸಿದರು.

"ಇನ್ಸ್‌ಪೆಕ್ಟರ್ ಯಾಕೋ ಬಂದ?"

ಸಾಹಿತಿ ಒಮ್ಮೆ ಫೋನನ್ನೂ ಒಮ್ಮೆ ಮಾವನನ್ನೂ ನೋಡಿದ. "ಮಾವಾ... ಒಂಟಿಚಪ್ಪಲಿ ನೀವಾ?"

"ಮತ್ಯಾರು! ನಿನ್ನೆಯಿಂದ ಶಟರ್ ಅರ್ಧ ಇಳಿಸಿ ಓದಿದೀನಿ. ಇಂಥವನನ್ನ ನಲ್ಲಿ ಮಾರಕ್ಕೆ ಕೂರ್ಸಿದ್ರೆ ಪಾಪ ಸುತ್ಕೊಳ್ಳತ್ತೆ ಅನ್ನಿಸ್ತು ಕಣೋ. ಐದು ಸ್ಟಾರ್ ಒತ್ತಕ್ಕೆ ಬೆರಳು ರೆಡಿ ಇತ್ತು. ಮಧ್ಯಾಹ್ನ ನೋಡಿದ್ರೆ ಸತ್ತವನು ಹಲ್ಲುಜ್ತಾ ಇದಾನೆ!"

ಬಾಗಿಲಲ್ಲಿ ಟೈಲರಕ್ಕ ಇಣುಕಿದಳು, ಹಿಂದೆ ಓನರ್. ಬದಲಾದ ಕತೆಯನ್ನು ಇಬ್ಬರೂ ಈಗ ಪೂರ್ತಿ ಓದಿದ್ದರು. "ಏನೇ ಹೇಳಿ, ಮೊದ್ಲಿದ್ದಿದ್ದೇ ಚೆನ್ನಾಗಿತ್ತು," ಅಂದಳು ಟೈಲರಕ್ಕ. ಓನರ್ ಹೌದೌದು ಅಂದರು. ಅಮ್ಮನೂ ತಲೆಯಾಡಿಸಿದಳು.

ಸಾಹಿತಿ ದಡಬಡಿಸಿ ಎದ್ದ. "ಮಾವಾ, ಹಳೇದನ್ನೇ ವಾಪಸ್ ಹಾಕ್ತೀನಿ! ಈಗಲೇ!"

"ನೋಡಿದ್ರಾ!" ಮಾವನ ಮುಖ ಅರಳಿತು. "ಯಾರು ಬಂದು ಏನ್ ಕೇಳಿದ್ರೂ ಬದಲಾಯಿಸಿ ಕೊಡ್ತಾನೆ. ಎದುರು ಮಾತಿಲ್ಲ. ಇಪ್ಪತ್ತು ವರ್ಷದಿಂದ ಕೌಂಟರಿಗೆ ಇಂಥವನನ್ನೇ ಹುಡುಕ್ತಿದ್ದೆ. ಸೋಮವಾರ ಬಂದ್ಬಿಡು. ಏನಮ್ಮ ಟೈಲರಮ್ಮ, ಇವನಿಗೊಂದು ಯೂನಿಫಾರ್ಮ್ ಹೊಲಿದುಕೊಡು."

ಟೈಲರಕ್ಕ ಎಡಗೈಯಲ್ಲಿ ಟೇಪು ಎಳೆದು ಸಾಹಿತಿಯ ಕುತ್ತಿಗೆಗೆ ಸುತ್ತಿದಳು.

"ಅಲ್ಲಾಡಬೇಡ," ಅಂದಳು.