ಎರಡು ಮೋಟಾರ್ ಸೈಕಲ್ಲು, ಒಂದು ಚೀಲ ಅವರೆಕಾಯಿ

ಸೀರೆ ಅಂಗಡಿಯಲ್ಲಿ ಹೆಂಗಸರು ಹೊತ್ತು ಕಳೆಯುತ್ತಾರೆ ಅಂತ ನಗುವ ಗಂಡಸರನ್ನು ಒಂದು ಸಲ ಮೋಟಾರ್ ಸೈಕಲ್ ಕೊಳ್ಳಲು ಕಳಿಸಿ ನೋಡಬೇಕು. ನಮ್ಮ ಕೆಜಿಎಫ್‌ನಲ್ಲಿ ಒಬ್ಬ ಕೊಳ್ಳಲು ಹೊರಟರೆ ಅವನ ಹಿಂದೆ ಹತ್ತು ಜನ ಹೊರಡುವುದು ಯಾವಾಗಲೂ ಇದ್ದದ್ದೇ. ಎಂಬತ್ತರ ದಶಕದ ಕೊನೆಯಲ್ಲಿ ಆ ಕರ್ಮ ನನ್ನ ಪಾಲಿಗೂ ಬಂತು.

ನಾನಾಗ ಅಲ್ಲಿನ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೆ. ಮೋಟಾರ್ ಸೈಕಲ್ಲಿನಲ್ಲೇ ಕನ್ಯಾಕುಮಾರಿ ತೋರಿಸುತ್ತೇನೆಂದು ಹೆಂಡತಿಗೆ ಮಾತು ಕೊಟ್ಟು ನಾಲ್ಕು ವರ್ಷವಾಗಿತ್ತು. ಕೊನೆಗೂ ಮುಂದಿನ ಸಂಕ್ರಾಂತಿಗೆ ಹತ್ತು ದಿನ ರಜೆ ಮಂಜೂರಾಯಿತು. ಬಂಗಾರಪೇಟೆಯ ಅಂಗಡಿಯಲ್ಲಿ ದೂರದ ಪ್ರಯಾಣಕ್ಕೆಂದೇ ಮಾಡಿದ ಎರಡು ಗಾಡಿ ನಿಂತಿದ್ದವು, ಒಂದು ಕೆಂಪು, ಒಂದು ಕಪ್ಪು. ಒಂದೇ ಕಂಪನಿ, ಒಂದೇ ಇಂಜಿನ್ನು, ಬೆಲೆಯೂ ಹೆಚ್ಚು ಕಡಿಮೆ ಒಂದೇ. ಹ್ಯಾಂಡಲ್ಲು, ಸೀಟು, ಕಾಲಿಡುವ ಕಡ್ಡಿ ಇಷ್ಟೇ ಬೇರೆ. ಇದನ್ನು ಆರಿಸಲು ಮೂರು ತಿಂಗಳು ಹಿಡಿಯಿತು ಅಂದರೆ ತಪ್ಪು ನನ್ನೊಬ್ಬನದಲ್ಲ.

ಕೆಂಪು ಚೀಟಿ

ನಮ್ಮ ಫೋರ್‌ಮನ್ನರು ಧಾರವಾಡದ ಕಡೆಯವರು. ಚಹಾ ಹೊತ್ತಿನಲ್ಲಿ ನಾನು ಬಾಯಿ ತಪ್ಪಿ ವಿಷಯ ಹೇಳಿದ್ದೇ ತಡ, ವಿಭಾಗದಲ್ಲಿ ಕೆಂಪು ಪಕ್ಷ, ಕಪ್ಪು ಪಕ್ಷ ಎದ್ದು ನಿಂತವು. ಹಣ ನನ್ನದು, ಜಗಳ ಅವರದು. ಫೋರ್‌ಮನ್ನರದು ಕಪ್ಪು ಪಕ್ಷ. "ಬಾಯಿಲೇ ಮಾತಾಡೂದಲ್ಲ ತಮ್ಮಾ, ಅಳತಿ ಮಾಡೂಣು" ಅಂದರು.

ಅಂದಂತೆಯೇ ಒಂದು ಭಾನುವಾರ ವಿಭಾಗದ ಆರು ಜನ ಸೂಕ್ಷ್ಮ ಅಳತೆಯ ವರ್ನಿಯರ್ ಹಿಡಿದು ಬಂಗಾರಪೇಟೆಗೆ ಬಂದರು. ಕಾರ್ಖಾನೆಯಲ್ಲಿ ಬುಲ್ಡೋಜರಿನ ಭಾಗಗಳನ್ನು ನೋಡುವಂತೆಯೇ ಎರಡೂ ಗಾಡಿಯನ್ನು ತಲೆಯಿಂದ ಕಾಲಿನವರೆಗೆ ಅಳೆದರು. ಕಪ್ಪು ಗಾಡಿ ಪಾಸಾಯಿತು. ಕೆಂಪು ಗಾಡಿಯ ಬ್ರೇಕ್ ಪೆಡಲು ಕೂದಲೆಳೆಯಷ್ಟು ಸೊಟ್ಟ ಅಂತ ಫೇಲಾಯಿತು. ಅಷ್ಟಕ್ಕೆ ಬಿಟ್ಟರೆ? ಫೇಲಾದ ಮಾಲಿಗೆ ಕೆಂಪು ಚೀಟಿ ಕಟ್ಟುವುದು ನಮ್ಮ ವಿಭಾಗದ ಪದ್ಧತಿ. ಫೋರ್‌ಮನ್ನರು ಜೇಬಿನಿಂದ ಚೀಟಿ ತೆಗೆದು ಅದರ ಹ್ಯಾಂಡಲ್ಲಿಗೆ ಕಟ್ಟಿ, ಸಹಿ ಹಾಕಿಯೇ ಬಂದರು.

ಮರುದಿನ ಅಂಗಡಿಯವನು ನನ್ನನ್ನು ಬಾಗಿಲಲ್ಲೇ ತಡೆದ. ಆ ಚೀಟಿ ನೋಡಿ ಇಬ್ಬರು ಗಿರಾಕಿಗಳು ವಾಪಸ್ ಹೋದರಂತೆ. ನನ್ನದೇನು ತಪ್ಪು ಅಂತ ಕೇಳಿದೆ. "ನಿಮಗೆ ಗಾಡಿ ಮಾರಲ್ಲ ಸಾರ್" ಅಂದ. "ಮಾರಿದ್ರೆ ದಿನಾ ಬಂದು ನನಗೂ ಚೀಟಿ ಕಟ್ತೀರಾ."

ಮೂಟೆ ಲೆಕ್ಕ

ರಜೆಗೆ ಇನ್ನು ನಾಲ್ಕೇ ದಿನ. ಗಾಡಿಯಿಲ್ಲ, ಕನ್ಯಾಕುಮಾರಿಯಿಲ್ಲ. ತವರಿಗೆ ಹೋಗಿದ್ದ ಹೆಂಡತಿಯನ್ನು ಕರೆತರಲು ಕಾಮಸಮುದ್ರದ ಮಾವನ ಮನೆಗೆ ಬಸ್ಸಿನಲ್ಲೇ ಹೋದೆ. ಮಾವ ನನ್ನ ಜೇಬಿನಲ್ಲಿದ್ದ ಎರಡೂ ಗಾಡಿಯ ಚಿತ್ರ ನೋಡಿ, ಯಾವುದರಲ್ಲಿ ಎರಡು ಮೂಟೆ ರಾಗಿ ಕೂರುತ್ತದೆ ಅಂತ ಕೇಳಿದರು. ನನಗೆ ಮೈ ಉರಿಯಿತು. ಇದು ಕನ್ಯಾಕುಮಾರಿಗೆ ಹೋಗುವ ಗಾಡಿ, ಮೂಟೆ ಹೊರುವ ಕತ್ತೆಯಲ್ಲ ಅಂದೆ.

ಮಾವ ಎಲೆಗೆ ಸುಣ್ಣ ಸವರುತ್ತಾ ಹೇಳಿದರು: "ಕನ್ಯಾಕುಮಾರಿಗೆ ಒಂದ್ಸಲ ಓಗ್ತೀರಾ. ಮಿಲ್ಲಿಗೆ ತಿಂಗ್ಳು ತಿಂಗ್ಳೂ ಓಗ್ಬೇಕು ಅಳಿಯಂದ್ರೇ."

ಅವರೆಕಾಯಿ ಪರೀಕ್ಷೆ

ಮಾವ ಒಂದು ಚೀಲ ಅವರೆಕಾಯಿ ತುಂಬಿಸಿ ಕಳಿಸಿದರು. ಬಂಗಾರಪೇಟೆಯಲ್ಲಿ ಇಳಿದಾಗ ಕೆಜಿಎಫ್ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ಹೆಂಡತಿ ಆ ಅಂಗಡಿ ತೋರಿಸಿ ಅಂದಳು. ಅಲ್ಲಿ ನನಗೆ ಮರ್ಯಾದೆ ಉಳಿದಿಲ್ಲ ಅಂತ ನಡೆದದ್ದೆಲ್ಲ ಹೇಳಿದೆ.

ಅವಳು ರಸ್ತೆಯಲ್ಲೇ ನಿಂತಳು. "ಫೋರ್‌ಮನ್ನನ್ನ ಕೇಳುದ್ರಿ, ನಮ್ಮಪ್ಪನ್ನ ಕೇಳುದ್ರಿ. ಕನ್ಯಾಕುಮಾರಿಗಂಟ ಇಂದ್ಗಡೆ ಕೂತ್ಕೊಳ್ಳೋಳು ನಾನು. ಒಂದ್ಸಲನಾದ್ರೂ ನನ್ನ ಕೇಳುದ್ರಾ?"

ಮೂರು ತಿಂಗಳಿಂದ ಊರ ಮೇಲೆಲ್ಲ ಸಿಟ್ಟಾಗಿದ್ದವನು ಅವರೆಕಾಯಿ ಚೀಲ ಹೆಗಲಿಗೇರಿಸಿ ಅವಳ ಹಿಂದೆ ಅಂಗಡಿಯತ್ತ ನಡೆದೆ.

ಅವಳು ಸೀದಾ ಅಂಗಡಿಗೆ ನುಗ್ಗಿ, ನಿಂತಿದ್ದ ಕೆಂಪು ಗಾಡಿಯ ಹಿಂದಿನ ಸೀಟು ಹತ್ತಿ ಕೂತು, ಮಡಿಲಿಗೆ ಅವರೆಕಾಯಿ ಸುರಿದುಕೊಂಡು ಸುಲಿಯತೊಡಗಿದಳು. ಅಂಗಡಿಯವನು ಬಾಯಿ ಬಿಟ್ಟುಕೊಂಡು ನಿಂತ. ಅರ್ಧ ಚೀಲ ಮುಗಿದ ಮೇಲೆ ಇಳಿದು ಕಪ್ಪು ಗಾಡಿ ಹತ್ತಿ ಉಳಿದರ್ಧ ಸುಲಿದಳು. ಕೆಂಪು ಗಾಡಿಯಲ್ಲಿ ಕಾಲಿಗೆ ಆರಾಮ, ಆದರೆ ಸೀಟು ಇಳಿಜಾರು, ಕಾಳೆಲ್ಲ ಜಾರುತ್ತದೆ. ಕಪ್ಪು ಗಾಡಿಯ ಸೀಟು ಹಾಸಿಗೆ, ಆದರೆ ಕಡ್ಡಿ ಮೇಲಿದ್ದು ಮೊಣಕಾಲು ಗಲ್ಲಕ್ಕೆ ಬರುತ್ತದೆ. ಈ ಸೀಟು ಆ ಕೆಂಪು ಗಾಡಿಗೆ ಹಾಕಿಕೊಡಿ ಅಂದಳು.

ಹಾಗೆಲ್ಲ ಆಗುವುದಿಲ್ಲಮ್ಮ ಅಂದ ಅಂಗಡಿಯವನು. ಅವಳು ಬಗ್ಗಿ ಸೀಟಿನ ಕೆಳಗೆ ಬೆರಳು ತೋರಿಸಿದಳು. ಎರಡಕ್ಕೂ ಅದೇ ನಾಲ್ಕು ಬೋಲ್ಟು, ಅದೇ ಜಾಗ. ವರ್ನಿಯರ್ ಹಿಡಿದ ಆರು ಜನಕ್ಕೆ ಕಾಣದ್ದು! ಕೆಂಪು ಗಾಡಿ ಹೇಗೂ ಮಾರಾಟವಾಗದೆ ಬಿದ್ದಿತ್ತು. ಅಂಗಡಿಯವನು ಸ್ಪ್ಯಾನರ್ ತಂದು ಎರಡರ ಸೀಟನ್ನೂ ಅದಲು ಬದಲು ಮಾಡಿದ. ಹೋಗುವಾಗ ನೆಲದ ಮೇಲಿನ ಸಿಪ್ಪೆ ಗುಡಿಸಿ ಹೋಗಿ ಅಂತ ಮಾತ್ರ ನನಗೆ ಹೇಳಿದ.

ಪಾಸಾದ ಮಾಲು

ಕೆಂಪು ಗಾಡಿಯಲ್ಲೇ ಕನ್ಯಾಕುಮಾರಿಗೆ ಹೋಗಿ ಬಂದೆವು. ಹೆಂಡತಿ ಒಂದು ದಿನವೂ ಸೊಂಟ ಅನ್ನಲಿಲ್ಲ. ಬಂದ ಮರುವಾರ ಫೋರ್‌ಮನ್ನರು ಕುಂಟುತ್ತಾ ನಮ್ಮನೆಗೆ ಬಂದರು. ನಾವು ಊರಲ್ಲಿಲ್ಲದಾಗ ಅವರು ಆ ಕಪ್ಪು ಗಾಡಿ ಕೊಂಡಿದ್ದರು! ತಾವೇ ಪಾಸು ಮಾಡಿದ ಮಾಲು ಅಂತ ಮತ್ತೆ ಕಣ್ಣೆತ್ತಿಯೂ ನೋಡಿರಲಿಲ್ಲವಂತೆ. ಅವರ ಹೆಂಡತಿ ಒಂದೇ ಸಲ ಕೂತು, ಇನ್ನು ಸತ್ತರೂ ಹತ್ತುವುದಿಲ್ಲ ಅಂದುಬಿಟ್ಟರಂತೆ. ಅಳತೆ ಸರಿಯಿತ್ತು, ಕಂಪನಿ ಮೋಸ ಮಾಡಿದೆ ಅಂತ ಕೂಗಾಡುತ್ತಾ ಹೊರಗೆ ಬಂದು ನಮ್ಮ ಗಾಡಿಯ ಹಿಂದಿನ ಸೀಟಿನ ಮೇಲೆ ಕೂತರು.

ಕೂತವರು ಒಮ್ಮೆ ಎದ್ದು ಮತ್ತೆ ಕೂತರು. ಸೀಟನ್ನು ಗೇಣಿನಿಂದ ಅಳೆದರು. ಬಗ್ಗಿ ನಾಲ್ಕು ಬೋಲ್ಟು ಎಣಿಸಿದರು. ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

ಹೆಂಡತಿ ಕಾಫಿ ಲೋಟ ಅವರ ಕೈಗಿಟ್ಟು ಹೇಳಿದಳು: "ಮುಂದಿನ್ಸಲ ವರ್ನಿಯರ್ ಮನೇಲಿ ಬಿಟ್ಟು ನಿಮ್ಮನೆಯವ್ರನ್ನ ಕರ್ಕೊಂಡು ಓಗಿ ಸಾರ್. ಒಂದು ಚೀಲ ಅವರೆಕಾಯಿ ನಾನು ಕೊಡ್ತೀನಿ."