ಪಂಜರದ ಗಂಧಕ ಮತ್ತು ನಮ್ಮ ಮಾವ

ಬಟ್ಟೆಗೆ ಹಾಕುವ ನೀಲಿಪುಡಿಯನ್ನು ಮುತ್ತುರತ್ನದ ಹಾಗೆ ಜೇಬಿನಲ್ಲಿಟ್ಟುಕೊಂಡು ತಿರುಗುವ ಮನುಷ್ಯ ಇಡೀ ಚನ್ನಗಿರಿಗೆ ಒಬ್ಬರೇ. ದುರದೃಷ್ಟ ನೋಡಿ, ಅವರು ನನ್ನ ಸೋದರಮಾವ!

ಮಾವ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾರೆ. ಕಾಲೇಜು ಬಿಟ್ಟ ಮೇಲೂ ಮಾಡುತ್ತಾರೆ, ತೊಂದರೆ ಇರುವುದೇ ಅಲ್ಲಿ. ಒಮ್ಮೆ ಜಗಳೂರಿಗೆ ಹೊರಟವರು ಬಿಳಿಚೋಡಿನಲ್ಲೇ ಬಸ್ಸಿಳಿದುಬಿಟ್ಟರು. ಯಾಕೆ? ಯಾರದೋ ಗೋಡೆಯ ಸುಣ್ಣದಲ್ಲಿ ನೀಲಿ ಚೆನ್ನಾಗಿ ಕೂತಿತ್ತಂತೆ! ಗೋಡೆ ಸವರುತ್ತ ನಿಂತವರನ್ನು ಕಂಡು ಆ ಮನೆಯ ಅಜ್ಜ, "ಏನ್ರೀ, ಮನೆ ತಗಳಾಕೆ ಬಂದಿರೇನು?" ಎಂದ.

"ಇಲ್ಲ ಯಜಮಾನ್ರೇ, ಇದರೊಳಗೆ ಗಂಧಕ ಸಿಕ್ಕಾಕ್ಕೊಂಡೈತೆ, ನೋಡಾಕೆ ಬಂದೆ."

ಅಜ್ಜ ಮೊಮ್ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡ.

ಮಾವನ ಪ್ರಕಾರ ನೀಲಿಪುಡಿಯ ಕಣದೊಳಗೆ ಅಲ್ಯುಮಿನಿಯಂ, ಸಿಲಿಕಾನ್, ಆಮ್ಲಜನಕ ಸೇರಿ ಕಟ್ಟಿದ ಪುಟ್ಟ ಪಂಜರಗಳಿವೆ. ಕೆಲವು ಪಂಜರಗಳಲ್ಲಿ ಮೂರು ಗಂಧಕದ ಪರಮಾಣುಗಳು, ಜೊತೆಗೊಂದು ಹೆಚ್ಚುವರಿ ಎಲೆಕ್ಟ್ರಾನು. ಆ ಎಲೆಕ್ಟ್ರಾನು ಯಾರೊಬ್ಬರ ಸ್ವತ್ತೂ ಅಲ್ಲ, ಮೂವರೂ ಹಂಚಿಕೊಂಡು ಹಿಡಿದಿರುತ್ತಾರೆ. ಹಾಗಾಗಿ ಅವರ ನಡುವಿನ ಬಂಧ ಒಂಟಿಯೂ ಅಲ್ಲ, ಜೋಡಿಯೂ ಅಲ್ಲ, ನಡುವೆ ಎಲ್ಲೋ. ಹೊರಗಿನ ಗಾಳಿಗೆ ಬಿದ್ದರೆ ಈ ಗುಂಪು ಉಳಿಯುವುದಿಲ್ಲ. ಒಳಗಿದ್ದರೆ ತಲೆಮಾರುಗಟ್ಟಲೆ ನೀಲಿ.

"ಜೈಲಲ್ಲಿದ್ರೆ ಚೆಂದ, ಬಿಟ್ರೆ ಸಾವು. ಇದೆಂಥಾ ಬಾಳ್ವೆ ಮಾವ?" ಎಂದೆ.

"ಜೈಲಲ್ಲ ಕಣೇ, ಮನೆ" ಎಂದರು ಮಾವ.

ನಮ್ಮ ಮನೆಯಾದರೋ ಬಾಡಿಗೆಯದು. ಮಹಡಿಯಲ್ಲಿ ಮಾವ, ಅವ್ವ, ನಾನು, ಕೆಳಗೆ ಓನರಮ್ಮ. ಲಿಂಗಪೂಜೆಯಾಗದೆ ನೀರೂ ಕುಡಿಯದ ಆಕೆಯದು ಒಂದೇ ಷರತ್ತು: "ಮೊಟ್ಟೆ ವಾಸನೆ ಬಂದ ದಿನ ಮನೆ ಖಾಲಿ ಮಾಡ್ಬೇಕು." ನಾವೂ ಮೊಟ್ಟೆ ಮುಟ್ಟದವರೇ, ಖುಷಿಯಿಂದ ತಲೆಯಾಡಿಸಿದ್ದೆವು. ಆದರೆ ಈ ವರ್ಷ ಅವ್ವನಿಗೆ ಆಪರೇಷನ್ ಆಯಿತು. ಅಡುಗೆಮನೆಯಿಂದ ಹಜಾರಕ್ಕೆ ಬರುವಷ್ಟರಲ್ಲಿ ಗೋಡೆ ಹಿಡಿಯುವಷ್ಟು ಸೋತಳು. ಡಾಕ್ಟರು, "ದಿನಾ ಮೊಟ್ಟೆ ಕೊಡಿ, ಇಲ್ಲಾಂದ್ರೆ ಚೇತರಿಸಿಕೊಳ್ಳೋದು ಕಷ್ಟ" ಎಂದರು. ಅವ್ವ ಕಿವಿ ಮುಚ್ಚಿಕೊಂಡಳು. ಮಾವ ಡಾಕ್ಟರ ಚೀಟಿ ಮಡಚಿ ನೀಲಿಪುಡಿಯ ಜೇಬಿಗೇ ಹಾಕಿಕೊಂಡರು.

ಆಮೇಲೆ ಶುರುವಾಯಿತು ನೋಡಿ, ಅಸಲಿ ಹುಚ್ಚು! ಸಂಜೆಯಾದರೆ ಮಾವ ಮೆಟ್ಟಿಲ ಬಳಿ ಸ್ಟೂಲ್ ಹಾಕಿ, ತಟ್ಟೆಯಲ್ಲಿ ನೀಲಿ ಸುರಿದು, ನಿಂಬೆಹಣ್ಣು ಹಿಡಿದು ಕೂಗುತ್ತಿದ್ದರು: "ಬರ್ರಿ, ಪಂಜರ ಒಡೀತೀನಿ!" ರಸ ಬಿದ್ದದ್ದೇ ನೀಲಿ ಬಿಳಚಿಕೊಳ್ಳುತ್ತಿತ್ತು. ಮತ್ತೆ ಆ ವಾಸನೆ! ಒಂದು ಕೋಳಿಫಾರಂ ಪೂರ್ತಿ ಮೂಗಿನೊಳಗೆ ಮೊಟ್ಟೆಯಿಟ್ಟು ಮರೆತುಹೋದ ಹಾಗೆ!

ಮೊದಲ ದಿನವೇ ಓನರಮ್ಮ ಓಡಿಬಂದರು. "ಮೇಷ್ಟ್ರೇ! ಮೊಟ್ಟೆ ಬೇಯಿಸಿದ್ರೇನ್ರೀ?"

"ಶಿವ ಶಿವಾ! ಹುಳಿ ಬಿದ್ದು ಪಂಜರ ಒಡೀತು, ಗಂಧಕ ಹೊರಗೆ ಬಂತು. ಮೊಟ್ಟೇಲಿ ನಾರೋದೂ ಇದೇ ಗಾಳಿ. ಬೇಕಾದ್ರೆ ಮೂಸಿ ನೋಡ್ರಿ."

ಆಕೆ ತಟ್ಟೆ ಮೂಸಿ ಹಿಂದಕ್ಕೆ ಹಾರಿದರು. "ದಿನಾ ಮಾಡ್ತೀರಾ ಇದನ್ನ?"

"ದಿನಾ ರೀ. ಸಂಶೋಧನೆ!"

"ಟೈಮಿಗೆ ಸರಿಯಾಗಿ ಲಗ್ನ ಮಾಡ್ಕಂಡಿದ್ರೆ ಇವೆಲ್ಲ ಇರ್ತಿರಲಿಲ್ಲ" ಎಂದು ಗೊಣಗುತ್ತ ಇಳಿದರು.

ಬೀದಿಯಲ್ಲಿ ಮಾವನಿಗೆ 'ನಾರೋ ಮೇಷ್ಟ್ರು' ಎಂದು ಹೆಸರಾಯಿತು. ನಾನೂ ರೀಲ್ಸ್ ಮಾಡಿ ಬಿಟ್ಟೆ. ಸ್ಕೂಲಿನಲ್ಲಿ ನನ್ನನ್ನು ಕಂಡರೆ ಹುಡುಗಿಯರು ಮೂಗು ಹಿಡಿದುಕೊಂಡು ನಮಸ್ಕಾರ ಮಾಡುತ್ತಿದ್ದರು!

ಒಂದು ಸಂಜೆ ಪ್ರಯೋಗದ ಮಧ್ಯೆ ನಿಂಬೆಹಣ್ಣು ಸಾಲದೆ ಬಂತು. ಮಾವ ಬೇಡ ಬೇಡ ಎನ್ನುವಷ್ಟರಲ್ಲಿ ನಾನು ಅಡುಗೆಮನೆಗೆ ನುಗ್ಗಿದ್ದೆ. ಒಲೆಯ ಮೇಲೆ ಪುಟ್ಟ ಪಾತ್ರೆ ಕೊತಕೊತ ಅನ್ನುತ್ತಿತ್ತು. ಬಾಗಿಲ ಹಿಂದೆ ಅವ್ವ ಕೂತಿದ್ದಳು. ಕೈಯಲ್ಲಿ ಸುಲಿದ ಅರ್ಧ ಮೊಟ್ಟೆ, ಬಾಯಲ್ಲಿ ಬೆಲ್ಲದ ಚೂರು, ಮುಚ್ಚಿದ ಕಣ್ಣಿನಿಂದ ನೀರು.

"ಅತ್ತಿದ್ದು ನಿಮ್ಮ ಮಾವಂಗೆ ಹೇಳ್ಬ್ಯಾಡ. ಬೇಜಾರು ಮಾಡ್ಕಂತಾನೆ" ಎಂದಳು.

ನಾನು ಹೊರಗೆ ಬಂದು ನಿಂಬೆಹಣ್ಣು ಕತ್ತರಿಸಿದೆ. ಆವತ್ತು ಮಾವನಿಗಿಂತ ಜೋರಾಗಿ ಕೂಗಿದ್ದು ನಾನೇ.

ಹೀಗೇ ನಡೆಯಿತು. ಅವ್ವ ಈಗ ಗೋಡೆ ಹಿಡಿಯದೆ ಓಡಾಡುತ್ತಾಳೆ. ಮೊನ್ನೆ ನೀಲಿಪುಡಿ ಖಾಲಿಯಾಗಿ ಪ್ರಯೋಗ ನಿಂತಾಗ, ಓನರಮ್ಮ ತಾವೇ ಮೇಲೆ ಬಂದರು. ಸೆರಗಿನಿಂದ ಒಂದು ನೀಲಿ ಪೊಟ್ಟಣ ತೆಗೆದು ಸ್ಟೂಲಿನ ಮೇಲಿಟ್ಟರು.

"ಸಂಶೋಧನೆ ನಿಲ್ಲಿಸ್ಬ್ಯಾಡ್ರಿ ಮೇಷ್ಟ್ರೇ. ನಿಮ್ಮಕ್ಕನ ಮುಖದಾಗೆ ಈಗೀಗ ರಕ್ತ ಕಾಣಾಕೆ ಹತ್ತೈತೆ."

ಮಾವ ಎದ್ದು ನಿಂತು ಕೈ ಮುಗಿದರು.

ಆಕೆ ಮೂಗಿಗೆ ಸೆರಗು ಒತ್ತಿಕೊಂಡು, "ಅಬ್ಬಬ್ಬಾ, ಏನು ನಾತ ಇವರ ಗಂಧಕದ್ದು!" ಎಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತ ಮೆಟ್ಟಿಲಿಳಿದರು. ಪೊಟ್ಟಣವನ್ನು ನಾವಿನ್ನೂ ಬಿಚ್ಚಿಯೇ ಇರಲಿಲ್ಲ.