ಆರು ಮಿಲಿಮೀಟರ್ ಬೊಟ್ಟು, ಐವತ್ತೈದು ಇಂಚಿನ ಪರದೆ

ಬೊಟ್ಟಿನ ಅಗಲ ಆರು ಮಿಲಿಮೀಟರ್. ಬೆಂಕಿಕಡ್ಡಿಯ ಹಿಂತುದಿಯನ್ನು ನೀರಿನಲ್ಲಿ ಕಲಸಿದ ಕುಂಕುಮಕ್ಕೆ ಅದ್ದಿ, ನಿಧಾನವಾಗಿ ಸುತ್ತಿಸಿ ಇಟ್ಟದ್ದು. ಅಂಚು ಎಲ್ಲಿಯೂ ಕದಡಿರಲಿಲ್ಲ. ಇಟ್ಟ ಮೇಲೆ ಸ್ಕೇಲು ಹಿಡಿದು ಅಳೆದಿದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಅಂದು ಖಂಡೇನವಮಿ, ಆಯುಧಪೂಜೆಯ ದಿನ. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವ ಕಾಲೇಜಿನಲ್ಲಿ ಬೆಳಿಗ್ಗೆ ಐದು ಯಂತ್ರಗಳಿಗೆ ಕುಂಕುಮವಿಟ್ಟು ಬಂದಿದ್ದೆ. ಸಂಜೆ ಮನೆಗೆ ಬಂದರೆ ಕೆಳಗಿನ ಹೋಟೆಲಿನ ಶೆಟ್ರು ಕುಂಕುಮದ ಬಟ್ಟಲು ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು. ಪುಣೆಯ ಬಿಬವೇವಾಡಿಯ ಆ ಕಟ್ಟಡದಲ್ಲಿ ಕೆಳಗೆ ಅವರ ಹೋಟೆಲು, ಮೇಲೆ ನನ್ನ ಬಾಡಿಗೆಯ ಒಂದು ಕೋಣೆ. ಅವರ ಮನೆಯವರು ಹಬ್ಬಕ್ಕೆಂದು ಕುಂದಾಪುರಕ್ಕೆ ಹೋಗಿದ್ದರು.

“ಮೇಡಂ, ಸ್ವಲ್ಪ ಬೊಟ್ಟಿಟ್ಟು ಕೊಡ್ತೀರಾ? ನಾನು ಇಟ್ರೆ ಮಿಷನ್ನಿಗೆ ಗಾಯ ಆದ ಹಾಗೆ ಕಾಣ್ತದೆ.”

ಗ್ರೈಂಡರು, ಫ್ರಿಜ್ಜು, ಬಿಲ್ಲಿನ ಯಂತ್ರ ಎಲ್ಲ ಸೇರಿ ಒಂಬತ್ತು. ಕೊನೆಯದು ಊಟದ ಹಾಲಿನ ಗೋಡೆಯಲ್ಲಿದ್ದ ಐವತ್ತೈದು ಇಂಚಿನ ಪರದೆ. ಅದರ ಕೆಳಚೌಕಟ್ಟಿನ ಸರಿನಡುವೆ ಒಂದು ಪುಟ್ಟ ಕಪ್ಪು ಗಾಜಿನ ಗುಳಿಯಿತ್ತು. ಬೊಟ್ಟಿಗೆಂದೇ ಮಾಡಿದ ಜಾಗದಂತಿತ್ತು. ತಯಾರಿಸಿದವರ ದೂರದೃಷ್ಟಿಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡು ಅಲ್ಲೇ ಇಟ್ಟೆ.

ಆ ಪರದೆಯ ದಿನಚರಿ ಸರಳವಾದದ್ದು. ಬೆಳಿಗ್ಗೆ ಗೋಡೆಯ ಸ್ವಿಚ್ ಹಾಕಿದರೆ ತಿಂಡಿಗಳ ಪಟ್ಟಿ ಬರುತ್ತಿತ್ತು, ಮುಚ್ಚುವಾಗ ಸ್ವಿಚ್ ತೆಗೆದರೆ ಹೋಗುತ್ತಿತ್ತು. ರಿಮೋಟನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ಗಲ್ಲಾಪೆಟ್ಟಿಗೆಯ ಪಕ್ಕ ಪ್ಲಾಸ್ಟಿಕ್ ಚೀಲದೊಳಗೆ ನೆಮ್ಮದಿಯಿಂದಿತ್ತು.

ವಾರ ಕಳೆದ ಮೇಲೆ ಮಲ್ಲಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದರು. ಯಾದಗಿರಿ ಕಡೆಯವರು, ಶೆಟ್ರ ಹೋಟೆಲಿನಲ್ಲಿ ಜೋಳದ ರೊಟ್ಟಿ ಬಡಿಯುವವರು.

“ಅಕ್ಕಾರ, ಐತಾರ ನಮ್ಮ ಮಗಳು ರೇಣುಕಾಂದು ಇಂದಾಪುರದಾಗ ಖೋಖೋ ಫೈನಲ್ ಅದರಿ. ನಾಕಕ್ಕ ಸುರು. ನಾ ಅಕಿ ಆಟ ಒಮ್ಮಿನೂ ನೋಡಿಲ್ರಿ.”

“ಹೋಗಿ ಬರ್ರೆಲಾ. ಸ್ವಾರಗೇಟದಿಂದ ಬಸ್ಸು ಭಾಳ ಅವ.”

“ಅಕೀನ ಬ್ಯಾಡ ಅಂದಾಳ್ರಿ. ನೀ ಬಂದು ಒದರಿದ್ರ ನಾ ಔಟ ಆಗ್ತೀನಿ ಅಂತಾಳ.” ಮಲ್ಲಮ್ಮ ಇದನ್ನು ಅವಮಾನವೆಂದು ಭಾವಿಸಿದಂತಿರಲಿಲ್ಲ, ಸತ್ಯವೆಂದು ಒಪ್ಪಿಕೊಂಡಂತಿತ್ತು. “ಅವರ ಆಟದ ಸರ್ ವಿಡಿಯೊ ಕಾಲ್ ಹಚ್ತಾರಂತ. ಆದ್ರ ಈ ಫೋನಿನ್ಯಾಗ ಹುಡುಗೇರು ಇರುವಿ ಕಂಡಂಗ ಕಾಣ್ತಾರ್ರಿ. ನಮ್ಮ ಇರುವಿ ಯಾವುದು, ಅವರದು ಯಾವುದು ತಿಳೀವಲ್ದು.”

ನಾನು ಸುಲಭಕ್ಕೆ ಮಾತು ಕೊಡುವವಳಲ್ಲ. ಆದರೆ ಆ ವಾರ ಯಂತ್ರಗಳ ವಿಷಯದಲ್ಲಿ ನನ್ನ ಆತ್ಮವಿಶ್ವಾಸ ಎಂದಿಲ್ಲದಷ್ಟು ಏರಿತ್ತು. ನಮ್ಮ ಕಾಲೇಜಿನ ಬಾಗಿಲಲ್ಲಿ ಮುಖ ನೋಡಿ ಹಾಜರಿ ಹಾಕುವ ಒಂದು ಯಂತ್ರವಿದೆ. ಹಬ್ಬದ ರಜೆ ಮುಗಿದಂದಿನಿಂದ ಅದು ಯಾರ ಮುಖವನ್ನೂ ಗುರುತಿಸುತ್ತಿರಲಿಲ್ಲ. ಕಂಪನಿಗೆ ದೂರಿನ ಪತ್ರ ಬರೆದವಳು ನಾನು. ಎರಡು ಪುಟ. ‘ತಮ್ಮ ಯಂತ್ರಕ್ಕೆ ಗಂಭೀರ ದೃಷ್ಟಿದೋಷವಿದ್ದು ಪರಿಣತರಿಂದ ತಪಾಸಣೆ ಆಗತಕ್ಕದ್ದು’ ಎಂಬ ವಾಕ್ಯಕ್ಕೆ ಪ್ರಾಂಶುಪಾಲರು ತಲೆದೂಗಿದ್ದರು.

“ಕೆಳಗಿನ ದೊಡ್ಡ ಪರದೆ ಮ್ಯಾಲೆ ತೋರಸ್ತೀನಿ, ಮಲ್ಲಮ್ಮಾರ,” ಎಂದೆ. “ಐದ ನಿಮಿಷದ ಕೆಲಸ.”

ಭಾನುವಾರ ಮೂರೂಕಾಲಕ್ಕೆ ಹೋಟೆಲಿಗೆ ಇಳಿದೆ. ಮಧ್ಯಾಹ್ನದ ಗದ್ದಲ ಮುಗಿದಿತ್ತು. ಮಲ್ಲಮ್ಮ ಹೊಸ ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಮೂಲೆಯ ಮೇಜಿನಲ್ಲಿ ದಿನಾ ಮಧ್ಯಾಹ್ನ ಒಂದೇ ಚಹಾವನ್ನು ಸಂಜೆಯವರೆಗೆ ಕುಡಿಯುವ ಅಜ್ಜ ಇದ್ದರು; ಎಲ್ಲರಿಗೂ ಅವರು ಆಜೋಬಾ. ಪುಣೆಯವರು, ನಿವೃತ್ತರು. ಕನ್ನಡ ಬಾರದಿದ್ದರೂ ನಮ್ಮ ಯಾವ ವಿಷಯವೂ ಅವರಿಗೆ ಹೊರಗಿನದಲ್ಲ.

ಸರ್ ಆಗಲೇ ಕರೆ ಮಾಡಿದ್ದರು. ಮಲ್ಲಮ್ಮನ ಫೋನಿನಲ್ಲಿ ಬರಿಯ ಮೈದಾನ, ಸುಣ್ಣದ ಗೆರೆ, ಎರಡು ಕಂಬ. ನಾನು ತಂದ ವೈರಿನ ಒಂದು ತುದಿಯನ್ನು ಪರದೆಗೂ ಇನ್ನೊಂದನ್ನು ಫೋನಿಗೂ ಚುಚ್ಚಿದೆ. ವೈರು ಗೇಣುದ್ದವಿತ್ತು. ಹಾಗಾಗಿ ಫೋನನ್ನು ಪರದೆಯ ಬೆನ್ನಿಗಿದ್ದ ಕಬ್ಬಿಣದ ಪಟ್ಟಿಯಲ್ಲಿ, ಮುಖ ಗೋಡೆಯ ಕಡೆಗೆ ಮಾಡಿ ಸಿಕ್ಕಿಸಬೇಕಾಯಿತು. ಅಂದವಾಗಿ ಕೂತಿತು.

ಪರದೆಯ ಮೇಲೆ ಮಾತ್ರ ಇಡ್ಲಿ, ವಡೆ, ಮಸಾಲೆದೋಸೆ.

“ಈಗ ರಿಮೋಟಿನಿಂದ ದಾರಿ ಬದಲಿಸಿದರೆ ಆಯಿತು,” ಎಂದು ಘೋಷಿಸಿ ಗುಂಡಿ ಒತ್ತಿದೆ. ಮಸಾಲೆದೋಸೆ ಅಲುಗಲಿಲ್ಲ.

“ಬಂದ ಕರೂನ ಚಾಲೂ ಕರಾ,” ಎಂದರು ಆಜೋಬಾ. ಆರಿಸಿ ಮತ್ತೆ ಹಾಕಿ ಎಂದು. ಹಾಗೆಯೇ ಮಾಡಿದೆ. ದೋಸೆ ಹೋಯಿತು. ದೋಸೆ ಬಂತು.

ರೋಗ ಸ್ಪಷ್ಟವಾಯಿತು: ರಿಮೋಟಿನ ಸೆಲ್ಲು ಮುಗಿದಿದೆ. ಅಂಗಡಿಗೆ ಹೋಗುವಷ್ಟು ಕೂಡ ವ್ಯವಧಾನವಿಲ್ಲದೆ, ಶೆಟ್ರ ಟಾರ್ಚಿನಿಂದ ಒಂದು, ಗೋಡೆಯ ಗಡಿಯಾರದಿಂದ ಒಂದು ಸೆಲ್ಲು ತೆಗೆದು ಹಾಕಿದೆ. ಗಡಿಯಾರವನ್ನು ಮರಳಿ ಅದರ ಮೊಳೆಗೇ ನೇರವಾಗಿ ತೂಗುಹಾಕಿದೆ. ಮೂರೂ ಇಪ್ಪತ್ತು ತೋರಿಸುತ್ತಿತ್ತು. ರಿಮೋಟು ಆಗಲೂ ಕೆಲಸ ಮಾಡಲಿಲ್ಲ.

“ಎಂತ ಮೇಡಂ, ಆಗುದಿಲ್ವಾ?” ಶೆಟ್ರು ಗಲ್ಲಾದಿಂದಲೇ ಕೇಳಿದರು.

“ರಿಮೋಟಿನ ಅಗತ್ಯವಿಲ್ಲ. ಹಿಂದೆ ಗುಂಡಿ ಇರುತ್ತದೆ.”

ಇತ್ತು. ಕುರ್ಚಿ ಹತ್ತಿ, ಪರದೆಗೆ ಕೆನ್ನೆ ಒತ್ತಿ, ಬೆನ್ನ ಹಿಂದೆ ಕೈ ತೂರಿಸಿ ತಡಕಾಡಿದಾಗ ಒಂದು ಗುಂಡಿ ಸಿಕ್ಕಿತು. ಹಾಗೆ ನಿಂತವಳಿಗೆ ಪರದೆಯ ಮೇಲೆ ಏನಾಗುತ್ತಿದೆಯೆಂದು ಕಾಣುವುದಿಲ್ಲ. ಆದ್ದರಿಂದ ನಾನು ಒತ್ತುವುದು, ಮಲ್ಲಮ್ಮ ನೋಡಿ ಹೇಳುವುದು ಎಂದು ಕೆಲಸ ಹಂಚಿಕೊಂಡೆವು.

“ಏನ ಬಂತ್ರಿ?”

“ಕರಿ ಪಟ್ಟಿ ಬಂತ್ರಿ ಅಕ್ಕಾರ. ಅದರಾಗ ಅಕ್ಷರ ಅವ.”

“ಏನಂತ ಅವ?”

“ನಾ ಏನ ಬಲ್ಲೆ, ತಾಯಿ. ನನಗ ಅಕ್ಷರ ಅನ್ನೋದಷ್ಟ ಗೊತ್ತು.”

ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಶೆಟ್ರನ್ನು ಕರೆದೆ. ಅವರು ಕನ್ನಡಕ ಹುಡುಕಿ ಬರುವಷ್ಟರಲ್ಲಿ ನನ್ನ ಬೆರಳು ಇನ್ನೆರಡು ಸಲ ಒತ್ತಿತ್ತು.

“ಇದು ಚೀನಾದ್ದು ಮಾರಾಯ್ರೆ,” ಎಂದರು ಶೆಟ್ರು ತಣ್ಣಗೆ.

ಕೆಳಗಿಳಿದು ನೋಡಿದೆ. ಪರದೆಯ ಭಾಷೆಯೇ ಚೀನೀ ಆಗಿತ್ತು. ಗ್ರಂಥಾಲಯದವಳಾಗಿ ನಾನು ಅಪರಿಚಿತ ಲಿಪಿಗೆ ಹೆದರಬಾರದು. ಮತ್ತೆ ಕುರ್ಚಿ ಹತ್ತಿ ಗಾಂಭೀರ್ಯದಿಂದ ಮೂರನೆಯ ಸಾಲನ್ನು ಆರಿಸಿದೆ. ಬೆಳಕು ಅರ್ಧ ಆಯಿತು. ನಾಲ್ಕನೆಯ ಸಾಲನ್ನು ಆರಿಸಿದೆ. ಪೂರ್ತಿ ಕತ್ತಲಾಯಿತು.

“ಬಂದ ಕರೂನ ಚಾಲೂ ಕರಾ.”

ಆರಿಸಿ ಹಾಕಿದೆ. ಕತ್ತಲು ಹೋಯಿತು. ಕತ್ತಲು ಬಂತು.

ಮಲ್ಲಮ್ಮ ಗಡಿಯಾರ ನೋಡಿದರು. “ಇರ್ಲಿ ಬಿಡ್ರಿ ಅಕ್ಕಾರ, ಸಾವಕಾಶ ಮಾಡ್ರಿ. ಮೂರೂ ಇಪ್ಪತ್ತ ಆಗ್ಯಾವ. ಇನ್ನಾ ಟೈಮ ಅದ.” ಅಕ್ಷರ ಬಾರದಿದ್ದರೂ ಗಡಿಯಾರ ನೋಡುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಶೆಟ್ರೂ ನೋಡಿದರು. “ಹೌದು, ಇನ್ನೂ ನಲವತ್ತು ನಿಮಿಷ ಉಂಟು.” ನಾನೂ ನೋಡಿದೆ. ಅಷ್ಟೊಂದು ಕೆಲಸವನ್ನು ಇಷ್ಟು ಕಡಿಮೆ ಸಮಯದಲ್ಲಿ ಮಾಡಿದೆನಲ್ಲ ಎಂದು ಸಣ್ಣದಾಗಿ ಹೆಮ್ಮೆಪಟ್ಟೆ ಕೂಡ.

ಆಗ ಆಜೋಬಾ ಕೈಗಡಿಯಾರವನ್ನು ಕಣ್ಣಿನ ಹತ್ತಿರ ಹಿಡಿದು, ಯಾರಿಗೂ ಅಲ್ಲದಂತೆ ಹೇಳಿದರು: “ಸವ್ವಾಚಾರ.”

ನಾಲ್ಕೂಕಾಲು. ನನ್ನ ಕೈಯಲ್ಲಿದ್ದ ರಿಮೋಟನ್ನು ನೋಡಿದೆ. ಗಡಿಯಾರದ ಜೀವ ಅದರೊಳಗಿತ್ತು.

ಮಲ್ಲಮ್ಮ ಹೊಸ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ಕತ್ತಲ ಪರದೆಯನ್ನೇ ನೋಡುತ್ತ ಕೂತರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಇನ್ನು ಉಳಿದದ್ದು ಕೊನೆಯ ಅಸ್ತ್ರ. ಹಿಂದಿನ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿದರೆ ಪರದೆ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತದೆಂದು ಎಲ್ಲೋ ಓದಿದ್ದೆ. ಒತ್ತಿದೆ. ಪರದೆ ಬೆಳಗಿತು. ಚೀನೀ ಭಾಷೆ ಹೋಯಿತು. ಶೆಟ್ರ ತಿಂಡಿಪಟ್ಟಿಯೂ ಹೋಯಿತು. ಹಾಲಿನಂಥ ಬಿಳಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಮುಂದುವರಿಯಲು ರಿಮೋಟಿನ ಓಕೆ ಒತ್ತಿ.

ಅಂದರೆ, ಅದುವರೆಗೆ ರಿಮೋಟಿಲ್ಲದೆಯೂ ದಾರಿ ಇತ್ತು. ಆ ದಾರಿಯನ್ನು ನಾನು ಶ್ರದ್ಧೆಯಿಂದ ಮುಚ್ಚಿದ್ದೆ.

“ಈಗೆಂತ ಮಾಡುದು?” ಎಂದರು ಶೆಟ್ರು.

ನಾನು ಪರದೆಯ ಮುಂದೆ ನಿಂತು ಓಕೆ ಒತ್ತಿದೆ. ಹತ್ತಿರದಿಂದ ಒತ್ತಿದೆ, ದೂರದಿಂದ ಒತ್ತಿದೆ, ಬಗ್ಗಿ ಒತ್ತಿದೆ. ಎಂ.ಎ. ಮಾಡಿದ ಹುಡುಗಿಯೊಬ್ಬಳು ಪರದೆಗೆ ಆರತಿ ಬೆಳಗುವಂತೆ ರಿಮೋಟನ್ನು ಸುತ್ತಿಸುತ್ತಿದ್ದಳೆಂದು ಆಮೇಲೆ ಶೆಟ್ರು ಎಲ್ಲರಿಗೂ ವರ್ಣಿಸಿದ್ದಾರೆ. ಅದು ಉತ್ಪ್ರೇಕ್ಷೆಯಲ್ಲ.

ಮಲ್ಲಮ್ಮ ಎದ್ದು ಬಂದರು. ಯಂತ್ರದ ಮೇಲೂ ನನ್ನ ಮೇಲೂ ಅವರಿಗೆ ಭರವಸೆ ಉಳಿದಿರಲಿಲ್ಲ, ಉಳಿದದ್ದು ದೇವಿಯೊಬ್ಬಳೇ. ಬೆರಳು ಒದ್ದೆ ಮಾಡಿಕೊಂಡು, ಚೌಕಟ್ಟಿನ ನಡುವೆ ಒಣಗಿದ್ದ ಹಬ್ಬದ ಕುಂಕುಮವನ್ನು ತಿಕ್ಕಿ ತೆಗೆದು ತಮ್ಮ ಹಣೆಗೆ ಹಚ್ಚಿಕೊಂಡರು. “ತಾಯಿ, ನನ್ನ ಕೂಸಿನ ಕಾಯವ್ವ,” ಎಂದು ಕಣ್ಣು ಮುಚ್ಚಿದರು.

ಅಷ್ಟರಲ್ಲಿ ನನ್ನ ಬೆರಳು ಅಭ್ಯಾಸಬಲದಿಂದ ಇನ್ನೊಮ್ಮೆ ಓಕೆ ಒತ್ತಿತು.

ಪರದೆ ತೆರೆಯಿತು.

ಆಜೋಬಾ ಚಹಾದ ಲೋಟ ಕೆಳಗಿಟ್ಟು ಕೈ ಮುಗಿದರು. ನನಗೆ ಮಾತ್ರ, ಆ ಪುಟ್ಟ ಕಪ್ಪು ಗಾಜಿನ ಗುಳಿ ಯಾತಕ್ಕಿತ್ತು ಎಂಬುದು ಅಂಗಾಲಿನಿಂದ ಕಿವಿಯವರೆಗೆ ನಿಧಾನವಾಗಿ ತಿಳಿಯುತ್ತ ಬಂತು. ರಿಮೋಟಿನ ಮಾತು ಕೇಳಿಸಿಕೊಳ್ಳುವ ಕಿವಿ ಅದು. ನಾನು ಅದಕ್ಕೆ ಹತ್ತು ದಿನದ ಹಿಂದೆ, ಅಂಚು ಕದಡದಂತೆ, ಬೀಗ ಹಾಕಿದ್ದೆ.

ನಾಚಿಕೊಳ್ಳಲು ಸಮಯವಿರಲಿಲ್ಲ. ಎರಡು ಗುಂಡಿ ಒತ್ತಿದೆ, ಇಂದಾಪುರ ಗೋಡೆ ತುಂಬ ಬಂತು. ಧೂಳು, ಸೀಟಿ, ಹುಡುಗಿಯರ ಕೂಗು. ಕೊನೆಯ ಸರದಿ ನಡೆಯುತ್ತಿತ್ತು. ಆದರೆ ಚಿತ್ರ ಅಳತೆ ಮೀರಿ ಹಿಗ್ಗಿ, ಮೈದಾನದ ಎರಡೂ ತುದಿ ಪರದೆಯಿಂದ ಹೊರಗೆ ಹೋಗಿದ್ದವು.

“ರೇಣುಕಾ ಎಲ್ಲೆದಾಳ್ರಿ?”

“ಕಂಬದ ಹತ್ರ ಇರಬೇಕ್ರಿ.”

“ಕಂಬ ಎಲ್ಲೆದ?”

“ಹೊರಗದ.”

ಅಷ್ಟರಲ್ಲಿ ಎಡಗಡೆಯಿಂದ ಒಂದು ಜಡೆ, ಅದರ ಹಿಂದೆ ರೇಣುಕಾ, ಬಾಣದಂತೆ ಒಳಗೆ ಬಂದಳು. ಕೂತವರ ನಡುವೆ ನುಸುಳಿ, ಅಟ್ಟಿಸಿಕೊಂಡು ಬಂದವಳ ಕೈಯಡಿಯಲ್ಲಿ ಬಾಗಿ, ಬಲಗಡೆ ಮಾಯವಾದಳು. ಚಿತ್ರದ ಅಳತೆ ಸರಿಪಡಿಸಲು ನಾನು ರಿಮೋಟು ಎತ್ತಿದೆ. ಹಿಟ್ಟಿನ ವಾಸನೆಯ ಒಂದು ಕೈ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

“ಬ್ಯಾಡ್ರಿ ಅಕ್ಕಾರ. ಕೈ ಮುಗೀತೀನಿ. ಇದ್ದದ್ದ ಇರ್ಲಿ.”

ಇರಲು ಬಿಟ್ಟೆ. ಆಟದ ಕೊನೆಯ ಎರಡು ನಿಮಿಷ ರೇಣುಕಾ ಎಡಗಡೆ ಮಾಯವಾಗಿ ಬಂದಳು, ಬಲಗಡೆ ಮಾಯವಾಗಿ ಬಂದಳು. ಪ್ರತಿ ಸಲ ಹೊರಗೆ ಹೋದಾಗ ಮಲ್ಲಮ್ಮ ಉಸಿರು ಹಿಡಿದು, ಒಳಗೆ ಬಂದಾಗ ಬಿಡುತ್ತಿದ್ದರು. ಒದರುತ್ತಾರೆಂದು ಹೆಸರಾದ ಆ ತಾಯಿಯ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಕೊನೆಯ ಸೀಟಿ ಊದಿದಾಗ ರೇಣುಕಾ ಪರದೆಯ ಸರಿನಡುವೆ, ಯಾರ ಕೈಗೂ ಸಿಗದೆ, ಮೊಣಕಾಲಿಗೆ ಕೈಯೂರಿ ನಿಂತಿದ್ದಳು. ಒಂದು ಅಂಕದಿಂದ ಅವರ ತಂಡ ಸೋತಿತ್ತು.

“ಔಟ ಆಗ್ಲಿಲ್ಲ ನೋಡ್ರಿ,” ಎಂದರು ಮಲ್ಲಮ್ಮ, ಕಣ್ಣೊರೆಸಿಕೊಂಡು.

ಶೆಟ್ರು ಪರದೆಯ ಹತ್ತಿರ ಬಂದು ಗಾಜಿನ ಗುಳಿಯನ್ನು ಬಗ್ಗಿ ನೋಡಿ, ಗೊತ್ತಿದ್ದೂ ಗೊತ್ತಿಲ್ಲದವರಂತೆ ಕೇಳಿದರು: “ಅಲ್ಲಿ ಬೊಟ್ಟಿಟ್ಟದ್ದು ಯಾರು ಮಾರಾಯ್ರೆ?”

ನಾನು ರಿಮೋಟನ್ನು ಅದರ ಪ್ಲಾಸ್ಟಿಕ್ ಚೀಲಕ್ಕೆ ತುಂಬತೊಡಗಿದೆ. ಮಲ್ಲಮ್ಮ ನಮ್ಮಿಬ್ಬರನ್ನೂ ನೋಡಿ, “ಫ್ರಿಜ್ಜಿನ ಮ್ಯಾಲೂ ಇಂಥದ್ದ ಅದರಿ. ಗ್ರೈಂಡರಿನ ಮ್ಯಾಲೂ. ಎಲ್ಲಾ ಒಂದ ಕೈಯಿಂದು. ಭಾಳ ಚಂದ ಅದಾವ,” ಎಂದರು. ಅದು ನನ್ನ ಪರವಾದ ಸಾಕ್ಷಿಯೆಂದು ಅವರು ನಿಜವಾಗಿ ನಂಬಿದ್ದರು.

ಫೋನು ತೆಗೆಯಲೆಂದು ಪರದೆಯ ಹಿಂದೆ ಕೈ ಹಾಕಿದಾಗ ಅದರಿಂದ ರೇಣುಕಾಳ ಮುಖ ಇಣುಕಿತು. “ಅವ್ವಾ, ಅಲ್ಲಿ ಏನ ನಡದಿತ್ತ? ಇಡೀ ಮ್ಯಾಚ ಸರ್ ಫೋನಿನ್ಯಾಗ ನಮಗ ಒಂದ ಗೋಡಿ, ಒಂದ ಮೊಳಿ ಕಾಣತಿತ್ತ. ಮತ್ತ ಯಾರೋ ಮುದುಕರು ಬಂದ ಕರೂನ ಚಾಲೂ ಕರಾ ಅಂತಿದ್ರು. ನಮ್ಮ ಹುಡುಗೇರು ನಕ್ಕು ನಕ್ಕು ಸಾಕಾತು.”

ಮೆಟ್ಟಿಲು ಹತ್ತುವಾಗ ನನಗೆ ಅದರ ಪೂರ್ತಿ ಅರ್ಥ ಹೊಳೆಯಿತು. ಕರೆ ಒಮ್ಮೆಯೂ ಕಡಿದಿರಲಿಲ್ಲ. ಒಂದು ಗೇಣು ಹಿಂದೆ, ಫೋನಿನ ಮೇಲೆ, ಪಂದ್ಯ ಮೊದಲಿನಿಂದ ಕೊನೆಯವರೆಗೂ ನಡೆದಿತ್ತು. ಫೋನು ಹೊರತೆಗೆದು ಕೈಗೆ ಕೊಟ್ಟಿದ್ದರೆ ಮಲ್ಲಮ್ಮ ಇರುವೆಯಷ್ಟಾದರೂ ಮಗಳನ್ನು ಪೂರ್ತಿ ನೋಡುತ್ತಿದ್ದರು. ಬಿಬವೇವಾಡಿಯ ಗೋಡೆಯೊಂದೇ ಇಡೀ ಆಟ ನೋಡಿತು. ಈ ಮಾತನ್ನು ಇಲ್ಲಿ ಬರೆಯುವವರೆಗೆ ನಾನು ಯಾರಿಗೂ ಹೇಳಿರಲಿಲ್ಲ.

ಅಂದು ಮಲಗುವಾಗ ಇನ್ನೊಂದು ವಿಷಯ ನೆನಪಾಗಿ ಎದ್ದು ಕೂತೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಕ್ಕಾಲು ಗಂಟೆ ಮೊದಲು, ಒದ್ದೆ ಕರವಸ್ತ್ರ ಹಿಡಿದು ಕಾಲೇಜಿಗೆ ಹೋದೆ. ಹಾಜರಿ ಯಂತ್ರದ ಹಣೆಯ ಮೇಲೆ, ಕ್ಯಾಮೆರಾದ ಕಣ್ಣನ್ನು ಸರಿಯಾಗಿ ಮುಚ್ಚಿ, ದುಂಡನೆಯ ಬೊಟ್ಟು. ರಜೆ ಮುಗಿದಂದಿನಿಂದ ಎಲ್ಲರೂ ಅದನ್ನು ನೋಡುತ್ತಲೇ ಇದ್ದರು. ಹಬ್ಬದ ಕುಂಕುಮವನ್ನು ಒರೆಸುವ ಮನಸ್ಸು ಯಾರಿಗೂ ಬಂದಿರಲಿಲ್ಲ. ಅತ್ತ ಇತ್ತ ನೋಡಿ ಒರೆಸಿದೆ. ಯಂತ್ರ ಒಂದು ಕ್ಷಣ ನನ್ನನ್ನು ದಿಟ್ಟಿಸಿತು. ಆಮೇಲೆ, ಹಬ್ಬದ ನಂತರ ಮೊದಲ ಬಾರಿಗೆ, ಒಂದು ಮುಖವನ್ನು ಗುರುತು ಹಿಡಿಯಿತು.